ಪ್ರೊಡಕ್ಷನ್ ಡೇಟಾ (ಗ್ರಾಹಕರು ನಿಜವಾಗಿ ಬಳಸುತ್ತಿರುವ ಸಿಸ್ಟಮ್ಮಿನ ಡೇಟಾ) ತಪ್ಪಿ ಅಳಿಸಿದರೆ ಮೊದಲು ನಾನೇ ಸರಿಮಾಡಲೋ, ಟೀಮಿಗೆ ಹೇಳಲೋ?

ಮೊದಲು ಹೇಳಿ, ಆಮೇಲೆ ಕೈಹಾಕಿ. ನೀವು ಗುಟ್ಟಾಗಿ ಒದ್ದಾಡುವಷ್ಟು ಹೊತ್ತೂ ಸರ್ವರ್ ಓಡುತ್ತಲೇ ಇರುತ್ತದೆ. ಹಳೆಯ ಬ್ಯಾಕಪ್ಪಿನ ಜಾಗಕ್ಕೆ, ಡೇಟಾ ಇಲ್ಲದ ಹೊಸ ಬ್ಯಾಕಪ್ ಬಂದು ಕೂತರೆ ಕಥೆ ಮುಗಿಯಿತು.

2017ರ ಜನವರಿ 31ರಂದು, ಸಾಫ್ಟ್‌ವೇರ್ ಕೋಡ್ ಇಡುವ ಸೇವೆ ಕೊಡುವ ಕಂಪನಿ ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡಿಲೀಟ್ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ದಿನನಿತ್ಯದ ಬ್ಯಾಕಪ್ ನೋಡಿದರೆ ಅದೂ ಕೆಟ್ಟು ಕೂತಿತ್ತು! ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಪ್ರತಿಯೇ ಕಾಪಾಡಿತು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆದುಕೊಂಡಿತು.

ಹೇಳೋದಕ್ಕೆ ಉದ್ದದ ಕ್ಷಮಾಪಣೆ ಬೇಡ. "4:10ಕ್ಕೆ ಆರ್ಡರ್ಸ್ ಟೇಬಲ್ ಅಳಿಸಿದೆ, ಇನ್ನೇನೂ ಮುಟ್ಟಿಲ್ಲ" ಅಂದರೆ ಸಾಕು.