ಬೈಕ್ ಟೈರ್: ಖರ್ಚು ಎಲ್ಲಿ ಉಳಿಸಬಹುದು?

ಪ್ರಶ್ನೆ: ನನ್ನದು ಸ್ಪೋಕ್ ಚಕ್ರದ ಸ್ಪ್ಲೆಂಡರ್. ಹಿಂದಿನ ಟೈರ್ ನುಣ್ಣಗಾಗಿದೆ. ಸರ್ವಿಸ್ ಸೆಂಟರಿನಲ್ಲಿ ಹೇಳಿದ ಮೊತ್ತ ಕೈಗೆಟುಕುವಂತಿಲ್ಲ. ಕಡಿಮೆ ಖರ್ಚಿನ ದಾರಿ ಇದೆಯೇ?
– ಓದುಗರು, ತಿಪಟೂರು

ಉತ್ತರ: ಇದೆ. ಟೈರನ್ನು ಟೈರ್ ಅಂಗಡಿಯಲ್ಲೇ ಕೊಳ್ಳಿ. ಚಕ್ರವನ್ನು ಮನೆಯಲ್ಲೇ ಬಿಚ್ಚಿ ಪಂಕ್ಚರ್ ಅಂಗಡಿಗೆ ಒಯ್ಯಿರಿ. ಬಿಚ್ಚಿ ತಂದ ಚಕ್ರಕ್ಕೆ ಕೂಲಿ ಕಡಿಮೆ. ಹಳೆಯ ಟೈರಿನ ಪಕ್ಕದಲ್ಲಿರುವ ಅಳತೆಯನ್ನು (2.75-18 ಅಥವಾ 80/100-18 ಎಂಬಂತೆ ಇರುತ್ತದೆ) ಬರೆದುಕೊಂಡು ಎರಡು ಮೂರು ಕಡೆ ‘ಟ್ಯೂಬ್, ಫಿಟ್ಟಿಂಗ್, ಜಿಎಸ್‌ಟಿ ಎಲ್ಲ ಸೇರಿ ಎಷ್ಟು?’ ಎಂದೇ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರ ಹೇಳಿದರೆ ಒಪ್ಪಬೇಡಿ, ಬಿಲ್ ಬಿಡಬೇಡಿ.

ಗಾಡಿಯನ್ನು ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಬ್ರೇಕ್ ರಾಡಿನ ನಟ್ ತೆಗೆಯಿರಿ, ಆಮೇಲೆ ಬ್ರೇಕ್ ಪ್ಲೇಟನ್ನು ಹಿಡಿದಿರುವ ಪಟ್ಟಿಯ ಪಿನ್ ಮತ್ತು ನಟ್. ಆಕ್ಸಲ್ (ಚಕ್ರದ ನಡುವೆ ತೂರಿರುವ ರಾಡ್) ನಟ್ ಬಿಚ್ಚಿ ಆ ರಾಡ್ ಎಳೆದಾಗ ಒಂದು ಬುಷ್ (ಕೊಳವೆಯಂಥ ತುಂಡು) ಕೆಳಗೆ ಬೀಳುತ್ತದೆ. ಅದು ಯಾವ ಕಡೆಯದು, ಯಾವ ಮುಖ ಒಳಗಿತ್ತು ಎಂದು ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಪ್ಲೆಂಡರ್‌ನಲ್ಲಿ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಚೈನ್ ಸಮೇತ ಗಾಡಿಯಲ್ಲೇ ಉಳಿಯುತ್ತದೆ. ಅದನ್ನು ಹಿಡಿದಿರುವ ಎಡಗಡೆಯ ದೊಡ್ಡ ನಟ್ಟಿಗೆ ಕೈ ಹಾಕಬೇಡಿ. ಗಾಡಿಯನ್ನು ಸ್ವಲ್ಪ ವಾಲಿಸಿದರೆ ಚಕ್ರ ಹೊರಬರುತ್ತದೆ. ಹಬ್‌ (ಚಕ್ರದ ನಡುಭಾಗ) ಒಳಗಿನ ರಬ್ಬರ್ ತುಂಡುಗಳು ಸಡಿಲವಾಗಿದ್ದರೆ ಈಗಲೇ ಬದಲಿಸಿ, ಬೆಲೆ ಅಲ್ಪ. ಬ್ರೇಕ್ ಲೈನರ್ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪಂಕ್ಚರ್ ಅಂಗಡಿಯಲ್ಲಿ ಚಕ್ರ ಕೊಟ್ಟು ಟೀ ಕುಡಿಯಲು ಹೋಗಬೇಡಿ, ಪಕ್ಕದಲ್ಲೇ ನಿಲ್ಲಿ. ಹೊಸ ಟ್ಯೂಬ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಸ್ಪೋಕ್ ತುದಿಗಳ ಮೇಲಿನ ರಿಮ್ ಟೇಪ್ ಹರಿದಿದ್ದರೆ ಹೊಸದು ಹಾಕಿಸಿ, ಇಲ್ಲದಿದ್ದರೆ ಆ ತುದಿಗಳೇ ಟ್ಯೂಬನ್ನು ಚುಚ್ಚುತ್ತವೆ. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿಯೇ ಒಳಗೆ ಕೂರಿಸಬೇಕು. ಚಪ್ಪಟೆ ಟ್ಯೂಬ್ ಲಿವರ್ (ಟೈರ್ ಎಬ್ಬುವ ಸಲಾಕೆ) ಬಾಯಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಟೈರ್ ಅಂಚಿಗೆ ಸೋಪು ನೀರು ಸಾಕು, ಆಯಿಲ್ ಬೇಡ. ಕೊನೆಯ ಗೇಣು ಒಳಗೆ ಹೋಗಲು ಹಟ ಮಾಡಿದರೆ ಎದುರಿನ ಅಂಚನ್ನು ಮಂಡಿಯಿಂದ ಒತ್ತಿ ರಿಮ್ ನಡುವಿನ ತಗ್ಗಿಗೆ ಇಳಿಸಬೇಕು, ಲಿವರ್ ಜಗ್ಗಬಾರದು. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಗಾಳಿ ತುಂಬಿದ ಮೇಲೆ ರಿಮ್ ಪಕ್ಕದಲ್ಲಿ ಟೈರ್ ಮೇಲಿರುವ ಸಣ್ಣ ಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ನೀರು ಹಚ್ಚಿ ಮತ್ತೆ ತುಂಬಿಸಿ. ವಾಲ್ವ್ ಓರೆಯಾಗಿದ್ದರೂ ಬಿಡಬೇಡಿ, ಬುಡದಲ್ಲಿ ಹರಿಯುತ್ತದೆ.

ಜೋಡಿಸುವಾಗ ಬ್ರೇಕ್ ಪ್ಲೇಟಿನ ಪಟ್ಟಿಯನ್ನು ಮರೆತರೆ ಅಪಾಯ: ಬ್ರೇಕ್ ಒತ್ತಿದೊಡನೆ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗಬಹುದು. ಪಿನ್ ಹೊಸದೇ ಹಾಕಿ.

ಪ್ರಶ್ನೆ: ಅರ್ಧ ಬೆಲೆಗೆ ಸೆಕೆಂಡ್ ಹ್ಯಾಂಡ್ ಟೈರ್ ಸಿಗುತ್ತಿದೆ, ಗೆರೆಗಳು ಆಳವಾಗಿವೆ. ಕೊಳ್ಳಬಹುದೇ?
– ಓದುಗರು, ಗಂಗಾವತಿ

ಉತ್ತರ: ಬೇಡ. ಸವೆದ ಟೈರಿಗೆ ಮತ್ತೆ ಗೆರೆ ಕೊರೆದು ಮಾರುವವರಿದ್ದಾರೆ. ಆಗ ಒಳಗಿನ ದಾರದ ಪದರಕ್ಕೂ ರಸ್ತೆಗೂ ನಡುವೆ ರಬ್ಬರ್ ಅಷ್ಟಾಗಿ ಉಳಿದಿರುವುದಿಲ್ಲ. ಗೆರೆಯ ತಳದಲ್ಲಿ ಸಣ್ಣ ಉಬ್ಬುಗಳು (ಸವೆತದ ಗುರುತು) ಕಾಣದಿದ್ದರೆ ಅನುಮಾನಿಸಿ. ಕಾನೂನಿನ ಪ್ರಕಾರ ದ್ವಿಚಕ್ರ ವಾಹನದ ಟೈರ್ ಗೆರೆ ಕನಿಷ್ಠ 0.8 ಮಿ.ಮೀ. ಆಳ ಇರಲೇಬೇಕು. ಹೊಸ ಟೈರ್ ಕೊಳ್ಳುವಾಗಲೂ ಪಕ್ಕದ ನಾಲ್ಕು ಅಂಕಿ ಓದಿ: 1424 ಎಂದರೆ 2024ರ 14ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಬಿಸಿಲಿಗೆ ತೂಗಾಡಿದ ಟೈರ್ ಬೆರಳಲ್ಲಿ ಬಗ್ಗಿಸಿದರೆ ಗೆರೆಯೊಳಗೆ ಸೀಳು ತೋರುತ್ತದೆ.

ಪ್ರಶ್ನೆ: ಸ್ಪೋಕ್ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್ ಹಾಕಿಸಬಹುದೇ?
– ಓದುಗರು, ಸಾಗರ

ಉತ್ತರ: ಟ್ಯೂಬ್ ಸಮೇತ ಹಾಕಿಸಬಹುದು. ಟ್ಯೂಬ್ ಇಲ್ಲದಿದ್ದರೆ ಸ್ಪೋಕ್ ತೂತುಗಳಿಂದ ಗಾಳಿ ಸೋರುತ್ತದೆ. ಟ್ಯೂಬ್ ಹೇಗೂ ಬೇಕಾದ್ದರಿಂದ ಅದೇ ಅಳತೆಯ ಟ್ಯೂಬ್ ಟೈರನ್ನೇ ಕೊಳ್ಳುವುದು ಮೇಲು.