ಬಾವಲಿ ಮೈಮೇಲಿನ ಜೇಡದಂಥ ಹುಳ ಉಣ್ಣಿಯಾ?

ನೀವು ಕೇಳಿದ್ದು ಇಷ್ಟು: ಹಾವೇರಿ ಕಡೆಯ ಹಳೇ ವಾಡೆಯಲ್ಲಿ ಬಾವಲಿಯೊಂದು ಬಿತ್ತು, ಅದರ ಕೂದಲೊಳಗೆ ಜೇಡದಂಥ ಹುಳ ಸರ್ರನೆ ಓಡಾಡುತ್ತಿತ್ತು. ಅದು ಉಣ್ಣಿಯಾ, ನಮಗೂ ಹತ್ತುತ್ತದಾ, ಇಂಥವನ್ನು ಎಣಿಸುವವರು ಹೇಗೆ ಎಣಿಸುತ್ತಾರೆ?

ಎಣಿಸಿದವರಲ್ಲಿ ನಾನೂ ಒಬ್ಬ. ಧಾರವಾಡದಲ್ಲಿ ಓದುವಾಗ ಗದಗ ಹತ್ತಿರದ ಒಂದು ಹಾಳು ಗುಡಿಗೆ ಸಹಾಯಕನಾಗಿ ಹೋಗುತ್ತಿದ್ದೆ.

ಮೊದಲು ಕಾಲು ನೋಡಿ. ಬೆಳೆದ ಉಣ್ಣಿಗೆ ಎಂಟು. ಆರೇ ಇದ್ದರೆ ಅದು ಬಾವಲಿ ನೊಣ. ಹೌದು, ನೊಣವೇ! ದನದ ಬಾಲದ ಕೆಳಗೆ ಅಂಟಿಕೊಂಡಿರುತ್ತದಲ್ಲ ಚಪ್ಪಟೆ ನೊಣ, ಅದರ ನೆಂಟ. ನಿಮ್ಮದು ನಿಕ್ಟೆರಿಬಿಡೀ ಕುಟುಂಬದ್ದು ಇರಬೇಕು. ಇವಕ್ಕೆ ರೆಕ್ಕೆ ಇಲ್ಲ. ತಲೆಯನ್ನು ಬೆನ್ನ ಮೇಲಕ್ಕೆ ಮಡಚಿಕೊಂಡಿರುವುದರಿಂದ ತಲೆಯೂ ಇಲ್ಲವೇನೋ ಅನಿಸುತ್ತದೆ. ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳ, ಅದನ್ನೂ ಹೊಟ್ಟೆಯೊಳಗೇ ಹಾಲಿನಂಥ ರಸ ಕೊಟ್ಟು ಬೆಳೆಸುತ್ತದೆ. ಹೆರಲು ಮಾತ್ರ ಬಾವಲಿಯಿಂದ ಇಳಿದು, ಮರಿಯನ್ನು ಗೋಡೆಗೆ ಅಂಟಿಸಿ, ಮತ್ತೆ ಹತ್ತಿಕೊಳ್ಳುತ್ತದೆ. ಗುಡಿಯ ಗೋಡೆ ಮೇಲೆ ಕಪ್ಪು ಚುಕ್ಕಿಗಳಂತೆ ಕಂಡದ್ದನ್ನು ನಾನು ಹಿಕ್ಕೆ ಅಂದುಕೊಂಡಿದ್ದೆ. ಎಲ್ಲ ಇವುಗಳ ಕೋಶಗಳು, ಅಂದರೆ ಆ ಮರಿಹುಳ ನೊಣವಾಗುವ ತನಕ ಇರುವ ಗಟ್ಟಿ ಗೂಡು.

ಎಣಿಸುವ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿ, ರೇಬೀಸ್ ಲಸಿಕೆ ಎರಡೂ ಮೊದಲೇ ಆಗಿರಬೇಕು. ಸಂಜೆ ಬಾವಲಿ ಹೊರಡುವ ದಾರಿಗೆ ತೆಳು ನೂಲಿನ ಬಲೆ ಕಟ್ಟಿ, ಗಿರಮಿಟ್ ತಿನ್ನುತ್ತ ಕಾಯುವುದು. ಒಬ್ಬ ಅಜ್ಜ ಬಂದು, "ಎಣ್ಣಿ ತೆಗೀಲಿಕ್ಕೇನ್ರೀ?" ಅಂದ. ಬಾವಲಿ ಎಣ್ಣೆಯ ಹುಚ್ಚು ಇನ್ನೂ ಹೋಗಿಲ್ಲ.

ಸಿಕ್ಕ ಬಾವಲಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ಆಮೇಲೆ ಚಿಮಟದಿಂದ ಒಂದೊಂದೇ ನೊಣ ತೆಗೆದು ಆಲ್ಕೋಹಾಲ್ ಸೀಸೆಗೆ ಹಾಕುವುದು. ಒಂದು ಬಾವಲಿಗೆ ಒಂದು ಸೀಸೆ. ಚೀಟಿ ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ನಾನು ಕೆಡಿಸಿದ್ದು ಚೀಲದಲ್ಲಿ. ಚೀಲ ಸಾಲದೆ ಬಂದಾಗ ಖಾಲಿಯಾದದ್ದನ್ನೇ ಸುಮ್ನೆ ಝಾಡಿಸಿ ಮತ್ತೆ ಬಳಸಿದೆ. ಬೆಳಗ್ಗೆ ನೋಡಿದರೆ ಹಣ್ಣು ತಿನ್ನುವ ಬಾವಲಿಯ ನೊಣ ಹುಳ ತಿನ್ನುವ ಬಾವಲಿಯ ಸೀಸೆಯಲ್ಲಿ! ಹೆಚ್ಚಿನ ನೊಣಗಳಿಗೆ ಒಂದೆರಡು ಜಾತಿಯ ಬಾವಲಿಯೇ ಬೇಕು. ಹೀಗಾಗಿ ನಮಗೆ ಅದು ಭಾರೀ ಸುದ್ದಿಯಂತೆ ಕಂಡಿತು, ಒಂದು ಗಂಟೆ. ಚೀಲದ ಕಥೆ ಹೇಳಿದ ಮೇಲೆ ಆ ರಾತ್ರಿಯ ಲೆಕ್ಕ ಪೂರ್ತಿ ಕಸಕ್ಕೆ ಹೋಯಿತು. ಇನ್ನೊಂದು, ಒಂದೂ ನೊಣ ಸಿಗದ ಬಾವಲಿಗೂ ಸೊನ್ನೆ ಅಂತ ಬರೆಯಲೇಬೇಕು. ಇಲ್ಲದಿದ್ದರೆ ಶೇಕಡಾ ಎಷ್ಟು ಬಾವಲಿಗಳಲ್ಲಿ ಇದೆ ಅಂತ ಹೇಳೋದು ಹೇಗೆ?

ಇವಕ್ಕೆ ಬಾವಲಿಯ ರಕ್ತವೇ ಬೇಕು, ನಿಮ್ಮ ಮೇಲೆ ನೆಲೆಯೂರುವುದಿಲ್ಲ. ಆದರೆ ಇವುಗಳಲ್ಲಿ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿದ್ದುಂಟು, ಕೈಯಲ್ಲಿ ಹೊಸಕಬೇಡಿ. ಬಿದ್ದ ಬಾವಲಿಯನ್ನು ಬರಿಗೈಲಿ ಮುಟ್ಟಿದ್ದು, ಕಚ್ಚಿಸಿಕೊಂಡದ್ದು ಇದ್ದರೆ ಸೋಪು ಹಚ್ಚಿ ತೊಳೆದು ಇವತ್ತೇ ಡಾಕ್ಟರ ಹತ್ತಿರ ಹೋಗಿ. ಬಾವಲಿಯ ಮುಖದ ಫೋಟೊ ಇದ್ದರೆ ಹಾಕಿ. ನಾಯಿ ಮೂತಿಯದೋ (ಅಂದರೆ ಹಣ್ಣು ತಿನ್ನುವುದೋ) ಅಲ್ಲವೋ ಗೊತ್ತಾದರೆ ನೊಣ ಯಾವುದಿರಬಹುದು ಅಂತ ನೋಡೋಣ.