4294967297ನ್ನು ಭಾಗಿಸುವ ಸಂಖ್ಯೆ ಯಾವುದು?

ಓದುಗರ ಪತ್ರ: “32 ಎರಡುಗಳನ್ನು ಗುಣಿಸಿ 1 ಕೂಡಿಸಿದರೆ 4294967297 ಬರುತ್ತದೆ. ಇದನ್ನು 500ರೊಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದೆ. ಪ್ರತಿ ಸಲವೂ ಶೇಷ ಉಳಿಯಿತು. ಇದು ಅವಿಭಾಜ್ಯ ಅಂತ ಹೇಳಬಹುದಾ?”

ಸಂಪಾದಕರ ಉತ್ತರ: ಹೇಳಲು ಬರುವುದಿಲ್ಲ. ಆದರೆ ನೀವು ತುಂಬಾ ಹತ್ತಿರ ಬಂದು ನಿಂತಿದ್ದೀರಿ! 641ರಿಂದ ಭಾಗಿಸಿ ನೋಡಿ. 6700417 ಬರುತ್ತದೆ, ಶೇಷ ಸೊನ್ನೆ.

500ರೊಳಗೆ 95 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಮಾಡಿದ ನಿಮ್ಮ ತಾಳ್ಮೆ ನನಗೆ ಬಹಳ ಇಷ್ಟವಾಯಿತು. ಆದರೆ ಈ ದಾರಿಯಲ್ಲಿ ಖಚಿತವಾಗಿ ಹೇಳಬೇಕಾದರೆ ವರ್ಗಮೂಲದವರೆಗೆ, ಅಂದರೆ 65536ರವರೆಗೆ ಹೋಗಬೇಕು. ಅಲ್ಲಿಗೆ 6542 ಅವಿಭಾಜ್ಯಗಳು.

ಈ ಸಂಖ್ಯೆ ಫ್ರೆಂಚ್ ಗಣಿತಜ್ಞ ಫರ್ಮಾ ಅವರನ್ನೂ ದಾರಿ ತಪ್ಪಿಸಿತ್ತು. 32ರ ಬದಲು 1, 2, 4, 8, 16 ಎರಡುಗಳನ್ನು ತೆಗೆದುಕೊಂಡರೆ 3, 5, 17, 257, 65537 ಸಿಗುತ್ತವೆ. ಐದೂ ಅವಿಭಾಜ್ಯಗಳೇ. ಮುಂದಿನವೂ ಹಾಗೇ ಇರುತ್ತವೆ ಎಂದು 1640ರ ಹೊತ್ತಿಗೆ ಅವರು ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ 641ನ್ನು ತೋರಿಸಿದರು.

ಇಲ್ಲಿ ಸುಮ್ನೆ ಹುಡುಕಬೇಕಾಗಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವು 64ರ ಗುಣಕಕ್ಕಿಂತ ಒಂದು ಜಾಸ್ತಿ ಇರಲೇಬೇಕು ಎಂದು ಆಯ್ಲರ್ ಸಾಧಿಸಿದರು. 1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ಆ 64ನ್ನು 128 ಮಾಡಿದರು. ಈಗ ಉಳಿಯುವುದು 129, 257, 385, 513, 641... ಇವುಗಳಲ್ಲಿ 129, 385, 513 ಅವಿಭಾಜ್ಯಗಳೇ ಅಲ್ಲ. 257ನ್ನೂ ಬಿಡಬಹುದು. ಏಕೆಂದರೆ ಮೇಲಿನ ಐದೂ ಸಂಖ್ಯೆಗಳನ್ನು ಗುಣಿಸಿದರೆ 4294967295 ಬರುತ್ತದೆ, ನಮ್ಮ ಸಂಖ್ಯೆಗಿಂತ ಸರಿಯಾಗಿ ಎರಡು ಕಡಿಮೆ. 257 ಎರಡನ್ನೂ ಭಾಗಿಸುವುದಾದರೆ ಅವುಗಳ ವ್ಯತ್ಯಾಸವಾದ 2ನ್ನೂ ಭಾಗಿಸಬೇಕು. ಅದು ಆಗದ ಮಾತು, ಅಲ್ವಾ? ಹಾಗಾಗಿ ಮೊದಲ ಪ್ರಯತ್ನವೇ 641! 95 ಭಾಗಾಕಾರದ ಜಾಗದಲ್ಲಿ ಒಂದೇ ಒಂದು.

ಆ ಒಂದನ್ನೂ ಮಾಡದೆ ಉತ್ತರ ತಿಳಿಯಬಹುದು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. 640 ಅಂದರೆ 5 × 128. ಅದು 641ಕ್ಕೆ ಒಂದು ಕಡಿಮೆ, ಆದ್ದರಿಂದ ಅದರ ಶೇಷವನ್ನು −1 ಎನ್ನೋಣ. ನಾಲ್ಕು 640ಗಳನ್ನು ಗುಣಿಸಿದರೆ ಶೇಷ 1. ಆ ಗುಣಲಬ್ಧವನ್ನು ಬಿಡಿಸಿದರೆ 625 ಮತ್ತು 28 ಎರಡುಗಳು. 625 ಅಂದರೆ 641ಕ್ಕೆ 16 ಕಡಿಮೆ, ಹಾಗಾಗಿ ಅದರ ಜಾಗದಲ್ಲಿ −16 ಇಡಬಹುದು. 16ರಲ್ಲಿ ನಾಲ್ಕು ಎರಡುಗಳಿವೆ. 28ಕ್ಕೆ 4 ಸೇರಿ 32 ಆಯಿತು. ಮೈನಸ್ ಚಿಹ್ನೆಯೊಂದಿಗೆ ಶೇಷ 1 ಆದ್ದರಿಂದ, 32 ಎರಡುಗಳ ಗುಣಲಬ್ಧದ ಶೇಷ −1. ಅದಕ್ಕೆ 1 ಕೂಡಿಸಿ, ಸೊನ್ನೆ!

ಇನ್ನೊಂದು ಮಾತು. ರೇಖಾಗಣಿತದಲ್ಲೂ ಈ ಸಂಖ್ಯೆಗಳು ಬರುತ್ತವೆ. ಬಾಹುಗಳೂ ಕೋನಗಳೂ ಸಮವಾಗಿರುವ 17 ಬಾಹುಗಳ ಆಕೃತಿಯನ್ನು ಪಟ್ಟಿ, ಕೈವಾರ ಮಾತ್ರ ಬಳಸಿ ರಚಿಸಬಹುದು ಎಂದು 1796ರಲ್ಲಿ ಜರ್ಮನ್ ಗಣಿತಜ್ಞ ಗೌಸ್ ಕಂಡುಕೊಂಡರು. 4294967295 ಬಾಹುಗಳದ್ದನ್ನೂ ತಾತ್ವಿಕವಾಗಿ ರಚಿಸಬಹುದು. ಒಂದು ಬಾಹು ಹೆಚ್ಚಾದರೂ ಆಗುತ್ತದೆ. ನಿಮ್ಮ 4294967297 ಬಾಹುಗಳ ಆಕೃತಿ ಮಾತ್ರ ಸಾಧ್ಯವಿಲ್ಲ, ಮೇಲಿನ ಐದರ ಸಾಲಿಗೆ ಸೇರದ 641 ಅಡ್ಡ ಬರುತ್ತದೆ.

6700417 ಅವಿಭಾಜ್ಯವೇ ಎಂದು ನೀವು ಮುಂದೆ ಕೇಳಬಹುದು. ಹೌದು. ಅದರ ವರ್ಗಮೂಲ 2589ಕ್ಕಿಂತ ಕಡಿಮೆ. 128ರ ನಿಯಮ ಹಿಡಿದು 641, 769, 1153, 1409ರಿಂದ ಭಾಗಿಸಿ ನೋಡಿ. ಮತ್ತೆ ಬೇರೆ ಯಾವುದೂ ಬೇಕಾಗುವುದಿಲ್ಲ.